ಎರಡು ಗೋಪುರ ಕಾಣುವ ಜಾಗ

ಬೋರ್ಡಿನ ಮೇಲೆ ಹೋಗಬೇಕಿದ್ದ ಆ ಸುಳ್ಳನ್ನು ಬರೆದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಜಿಲ್ಲಾ ಕಚೇರಿಯ ಪ್ರವಾಸ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಫ್ರಾಂಕೋನಿಯದ ಈ ನಮ್ಮ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಬೆಟ್ಟವಿಲ್ಲ, ದೊಡ್ಡ ನದಿಯಿಲ್ಲ, ಯಾವ ರಾಜನೂ ಇಲ್ಲಿ ಹುಟ್ಟಿಲ್ಲ. ಐವತ್ತು ವರ್ಷದ ಹಿಂದೆ ಮೂರು ಹಳೆಯ ಜಿಲ್ಲೆಗಳ ತುಂಡುಗಳನ್ನು ಅಂಟಿಸಿ ಮಾಡಿದ ಜಿಲ್ಲೆ ಇದು. ಇರುವುದು ಮೀನು ಸಾಕುವ ಕೆರೆಗಳು, ಒಂದರ ಕೆಳಗೊಂದು, ನೂರಾರು. ಅವುಗಳ ನಡುವೆ ಮರಳು ನೆಲ, ಪೈನ್ ಕಾಡು, ಹುಲ್ಲುಗಾವಲು. ಒಂದು ಹಳ್ಳಿ ಕ್ಯಾಥೊಲಿಕ್ ಆದರೆ ಮುಂದಿನದು ಪ್ರಾಟೆಸ್ಟೆಂಟ್. ಒಂದರ ಚರ್ಚಿನ ಗೋಪುರ ಈರುಳ್ಳಿಯ ಹಾಗೆ ದುಂಡಗೆ, ಇನ್ನೊಂದರದು ಸೂಜಿಯ ಹಾಗೆ ಚೂಪಗೆ. ಹಿಂದೆ ಯಾವ ಊರು ಬಿಷಪ್ಪನ ಕೈಯಲ್ಲಿತ್ತು, ಯಾವ ಊರು ಸಾಮಂತನ ಕೈಯಲ್ಲಿತ್ತು ಎನ್ನುವುದು ಗೋಪುರ ನೋಡಿದರೆ ಇವತ್ತಿಗೂ ಗೊತ್ತಾಗುತ್ತದೆ.

ಇಷ್ಟನ್ನೇ ಹನ್ನೆರಡು ಬೋರ್ಡುಗಳಲ್ಲಿ ಬರೆದು ಒಂದು ಕಾಲುದಾರಿಯ ಉದ್ದಕ್ಕೂ ನಿಲ್ಲಿಸಬೇಕೆಂದು ಕಚೇರಿ ತೀರ್ಮಾನಿಸಿತು. ‘ಗಡಿಕಲ್ಲುಗಳ ದಾರಿ’ ಎಂದು ಹೆಸರು. ಏಳನೆಯ ಬೋರ್ಡು ನಮ್ಮೂರು ವೀಸನ್‌ಲೋರಿಗೂ ಪಕ್ಕದ ಎಶನ್‌ರೀಡಿಗೂ ನಡುವೆ ಇರುವ ಮರಳುಗಲ್ಲಿನ ಗಡಿಕಲ್ಲಿನದು. ಎದೆಮಟ್ಟದ ಕಲ್ಲು. ಒಂದು ಮುಖದಲ್ಲಿ ಬಿಷಪ್ಪನ ದಂಡ, ಇನ್ನೊಂದರಲ್ಲಿ ಸಾಮಂತನ ಹದ್ದು. ನಾನು ಮೊದಲು ಬರೆದುಕೊಟ್ಟದ್ದು ಇಷ್ಟೇ. ನಮ್ಮ ವಿಭಾಗದ ಮುಖ್ಯಸ್ಥೆ ಸೋಯ್ಬರ್ಟ್ ಮೇಡಂ ಅದನ್ನು ಓದಿ ವಾಪಸ್ ತಳ್ಳಿದರು.

“ಇಸವಿ, ಅಳತೆ, ಹದ್ದು. ಯಾರು ನಿಂತು ಓದ್ತಾರೆ ವ್ರೋನಿ? ಸೈಕಲ್ಲಿಂದ ಇಳೀಬೇಕು ಜನ. ಒಂದು ಕಥೆ ಹಾಕು.”

ಕಥೆ ಇತ್ತು. ನಮ್ಮೂರಿನ ಮೇಷ್ಟರೊಬ್ಬರು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಬರೆದ ಊರ ಚರಿತ್ರೆಯಲ್ಲಿ ಅರ್ಧ ಪುಟ. ಅದನ್ನು ಎತ್ತಿ ಹಾಕಿದೆ. ವಿಚಾರಿಸಲಿಲ್ಲ. ಕರಡನ್ನು ಎರಡೂ ಊರುಗಳ ಪ್ರಕಟಣೆಯ ಗಾಜಿನ ಪೆಟ್ಟಿಗೆಯಲ್ಲಿ ಮೂವತ್ತು ದಿನ ತೂಗುಹಾಕಿ, ಆಕ್ಷೇಪಣೆ ಇದ್ದವರು ತಿಳಿಸಬಹುದು ಎಂದೆವು. ಇಂಥದ್ದಕ್ಕೆ ಯಾರೂ ಆಕ್ಷೇಪಿಸುವುದಿಲ್ಲ.

ಇಪ್ಪತ್ತೆರಡನೆಯ ದಿನ ಓಟಿಲಿ ಹೆಟ್ಸೆಲ್ ಬಂದಳು.

ಅಕ್ಟೋಬರಿನ ಕೊನೆ. ಮುದುಕ ಎಗೀಡ್ ತನ್ನ ಕೆರೆಯ ನೀರು ಬಿಟ್ಟಿದ್ದ. ವರ್ಷಕ್ಕೊಮ್ಮೆ ಹೀಗೆ ಕೆರೆ ಬತ್ತಿಸಿ ಮೀನು ಹಿಡಿಯುವ ದಿನ ಅರ್ಧ ಊರು ಏರಿಯ ಮೇಲಿರುತ್ತದೆ. ತಳದ ಕೆಸರಿನಲ್ಲಿ ಕಾರ್ಪ್ ಮೀನುಗಳು ಬೆನ್ನು ತೋರಿಸಿ ಹೊರಳಾಡುತ್ತಿದ್ದವು. ರಬ್ಬರ್ ಬೂಟು ಹಾಕಿಕೊಂಡ ಗಂಡಸರು ಸೊಂಟದವರೆಗೆ ಇಳಿದು ಬಲೆ ಎಳೆಯುತ್ತಿದ್ದರು. ನಮ್ಮ ಚಿಕ್ಕಜ್ಜ ಕಾಸ್ಪರ್ ಬಲೆಯ ಈ ತುದಿಯಲ್ಲಿದ್ದ. ನನ್ನ ಅಜ್ಜನ ಕೊನೆಯ ತಮ್ಮ, ಎಪ್ಪತ್ತೆರಡರ ಆಳು.

“ಬಾರೇ ವ್ರೋನಿ, ಇಳಿ ಕೆಳಗೆ,” ಎಂದು ಎಗೀಡ್ ಕೂಗಿದ. “ಬೋರ್ಡು ಬರೆದು ಬರೆದು ಕೈ ಬೆಳ್ಳಗಾಗಿದೆ. ಮೀನಿಗೆ ಹೆದರ್ತೀಯ?”

“ಮೀನಿಗಲ್ಲ ಎಗೀಡಜ್ಜ, ನಿಮ್ಮ ಬೂಟಿನ ವಾಸನೆಗೆ.”

ಏರಿಯ ಮೇಲಿದ್ದವರು ನಕ್ಕರು. ಆ ನಗುವಿನ ನಡುವೆಯೇ ಓಟಿಲಿ ಕೋಲೂರಿಕೊಂಡು ಬಂದು ನನ್ನೆದುರು ನಿಂತಳು. ಎಪ್ಪತ್ತೊಂದು ವರ್ಷ, ಎಶನ್‌ರೀಡಿನ ಕೊನೆಯ ಮನೆ. ಕೈಯಲ್ಲಿ ನನ್ನ ಕರಡು. ಗಾಜಿನ ಪೆಟ್ಟಿಗೆ ತೆರೆಸಿ ಕಿತ್ತು ತಂದಿದ್ದಳು, ನಾಲ್ಕೂ ಮೂಲೆ ಹರಿದಿತ್ತು.

“ಇದು ನೀನೇನಾ ಬರ್ದಿದ್ದು?”

“ಹೌದು ಓಟಿಲಿಯಮ್ಮ.”

“ಓದು. ಜೋರಾಗಿ ಓದು, ಎಲ್ಲರಿಗೂ ಕೇಳ್ಲಿ.”

ನಾನು ಓದಲಿಲ್ಲ. ಅವಳೇ ಓದಿದಳು, ಶಾಲೆಯ ಮಗುವಿನ ಹಾಗೆ ಒಂದೊಂದೇ ಮಾತು ಬಿಡಿಸಿ. ಎಪ್ಪತ್ತೊಂದನೇ ಇಸವಿಯಲ್ಲಿ ಎಶನ್‌ರೀಡಿನ ಲೊರೆಂಟ್ಸ್ ಹೆಟ್ಸೆಲ್ ಎಂಬ ರೈತ ಭಾನುವಾರದ ಪೂಜೆಯ ಹೊತ್ತಿನಲ್ಲಿ ಕಲ್ಲಿನ ಹತ್ತಿರ ಗುದ್ದಲಿಯೊಂದಿಗೆ ಸಿಕ್ಕಿಬಿದ್ದ. ಗಡಿಕಲ್ಲು ಸರಿಸಿದವರು ಸತ್ತ ಮೇಲೆ ಬೆಂಕಿಯ ಮನುಷ್ಯರಾಗುತ್ತಾರೆ. ಕೆಂಡದಂಥ ಕಲ್ಲನ್ನು ಹೊತ್ತು, ಇದನ್ನು ಎಲ್ಲಿ ಇಡಲಿ, ಎಲ್ಲಿ ಇಡಲಿ ಎಂದು ಕೇಳುತ್ತ ಹೊಲ ಸುತ್ತುತ್ತಾರೆ ಎಂದು ಇಲ್ಲಿನ ಜನರ ನಂಬಿಕೆ.

“ನಮ್ಮಪ್ಪ ಸತ್ತು ಮೂವತ್ನಾಲ್ಕು ವರ್ಷ ಆಯ್ತು,” ಎಂದಳು. “ಎಲ್ಲಿ ಸುತ್ತುತಿದಾನೆ? ನೀನು ನೋಡಿದ್ಯಾ?”

“ಊರ ಚರಿತ್ರೇಲಿ ಇದೆ...”

“ಯಾವೂರ ಚರಿತ್ರೆ? ನಿಮ್ಮೂರಿಂದು. ಅಪ್ಪ ಕಲ್ಲು ಸರಿಸಲಿಲ್ಲ. ಕಲ್ಲು ಸರಿದಿದೆ ಅಂತ ಹೇಳ್ದ. ಯಾರೂ ಕೇಳ್ಲಿಲ್ಲ. ಹಳೇ ಗುಂಡಿ ಹುಡುಕಕ್ಕೆ ಅಂತ ಹೋದ. ಆಮೇಲೆ ಹದಿನೆಂಟು ವರ್ಷ, ಸಾಯೋವರೆಗೂ, ಅವನು ಹೋಟೆಲಿಗೆ ಕಾಲಿಟ್ರೆ, ಬೆಂಕಿ ಬಂತು, ಕುರ್ಚಿ ಸುಡುತ್ತೆ ಅಂತ ಎದ್ದು ಹೋಗೋರು. ಈಗ ಅದನ್ನ ಸ್ಟೀಲಲ್ಲಿ ಕೆತ್ತಿಸ್ತೀಯ. ನಾನು ಸತ್ತ ಮೇಲೂ ಇರೋ ಹಾಗೆ.”

ಬಲೆ ಎಳೆಯುವವರು ನಿಂತುಬಿಟ್ಟಿದ್ದರು. ಅವಳು ಕೋಟಿನ ಜೇಬಿನಿಂದ ಇನ್ನೊಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು. ಕಲ್ಲಿನ ಪಕ್ಕದ ಜಮೀನು ತನ್ನದು, ಕಲ್ಲು ತನ್ನ ಜಾಗದಲ್ಲಿದೆಯೇ ಎಂದು ಏಳ್ವರು ಅಗೆದು ನೋಡಿ ಹೇಳಬೇಕು ಎಂಬ ಅರ್ಜಿ. ಕೆಳಗೆ ಸಹಿ.

ಅರ್ಜಿಯನ್ನು ನನ್ನ ಕೈಗೆ ಕೊಡಲು ಕಾರಣವಿತ್ತು. ಎಂಟು ತಿಂಗಳ ಹಿಂದೆ ನಾನು ಏಳ್ವರಲ್ಲಿ ಒಬ್ಬಳಾಗಿ ಸೇರಿದ್ದೆ.

ನಮ್ಮ ಕಡೆ ಗಡಿಕಲ್ಲು ನೆಡುವುದು, ಎತ್ತುವುದು, ಕೊನೆಗೆ ವಾಲಿದ ಕಲ್ಲನ್ನು ನೆಟ್ಟಗೆ ಮಾಡುವುದು ಕೂಡ ಊರು ಆರಿಸಿದ ಏಳು ಮಂದಿಯ ಕೆಲಸ. ಸಂಬಳವಿಲ್ಲ, ನಿವೃತ್ತಿಯಿಲ್ಲ. ಒಬ್ಬರು ಸತ್ತರೆ ಮಾತ್ರ ಇನ್ನೊಬ್ಬರು. ಕಲ್ಲು ನೆಡುವಾಗ ಅದರ ಬುಡದಲ್ಲಿ ಗುರುತುಗಳನ್ನು ಹೂಳುತ್ತಾರೆ. ಯಾವ ವಸ್ತು, ಎಷ್ಟು, ಹೇಗೆ ಜೋಡಿಸುವುದು ಎನ್ನುವುದು ಏಳು ಮಂದಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಎಲ್ಲಿಯೂ ಬರೆದಿಟ್ಟಿಲ್ಲ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಹೇಳುವಂತಿಲ್ಲ. ಕಲ್ಲನ್ನು ಯಾರು ಬೇಕಾದರೂ ಎತ್ತಿ ಬೇರೆಡೆ ಇಡಬಹುದು, ಆದರೆ ಗುರುತು ಹಳೆಯ ಜಾಗದಲ್ಲೇ ಉಳಿಯುತ್ತದೆ. ನಾನೂ ಇಲ್ಲಿ ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬದುಕಿರುವವರೆಗೆ ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿದವನು, ಗುಟ್ಟನ್ನು ಕಿವಿಯಲ್ಲಿ ಹೇಳಿದವನು ಏಳ್ವರ ಮುಖ್ಯಸ್ಥ. ಮುಖ್ಯಸ್ಥ ಕಾಸ್ಪರ್ ಚಿಕ್ಕಜ್ಜ.

ಅವನು ಕೆಸರಿನಲ್ಲಿ ನಿಂತು ಬಲೆಯ ಹಗ್ಗವನ್ನು ಮೊಣಕೈಗೆ ಸುತ್ತುತ್ತಲೇ ಇದ್ದ. ಓಟಿಲಿಯ ಕಡೆ ಕತ್ತೆತ್ತಲಿಲ್ಲ.

ಆ ಸಂಜೆ ಅವನ ಅಡುಗೆಮನೆಗೆ ಹೋದೆ. ಮೀನು ಹುರಿದಿದ್ದ. ಎರಡು ತಟ್ಟೆ ಇಟ್ಟಿದ್ದ, ನಾನು ಬರುತ್ತೇನೆಂದು ಗೊತ್ತಿದ್ದವನ ಹಾಗೆ.

“ಅರ್ಜಿ ಎಲ್ಲಿ?”

“ಇಲ್ಲಿದೆ. ನೀವು ತಗೊಂಡೆ ಅಂತ ಸಹಿ ಹಾಕ್ಬೇಕು.”

“ತಿನ್ನು ಮೊದಲು, ಆರಿ ಹೋಗುತ್ತೆ.” ಸ್ವಲ್ಪ ಹೊತ್ತು ಮುಳ್ಳು ಬಿಡಿಸಿದ. “ಬೋರ್ಡಿಂದ ಅವನ ಹೆಸರು ತೆಗೆದುಬಿಡು. ಕಥೇನೂ ತೆಗಿ. ಅವಳಿಗೆ ಬೇಕಾಗಿರೋದು ಅಷ್ಟೇ ತಾನೇ? ಕಲ್ಲು ಅಗೆಯೋದು ಯಾಕೆ?”

“ಅಗೆದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಇನ್ನೂರೈವತ್ತು ವರ್ಷದ ಕಲ್ಲು, ಮುರಿದೀತು.”

ಅವನ ಮಾತು ನನಗೆ ಸರಿಯಾಗಿಯೇ ಕಂಡಿತು. ನಿಜ ಹೇಳಬೇಕೆಂದರೆ ನನಗೂ ಸುಲಭವಾಗುತ್ತಿತ್ತು. ನನ್ನ ತಪ್ಪು ಕಾಗದದಲ್ಲೇ ಮುಗಿಯುತ್ತಿತ್ತು. ಮರುದಿನ ಎಶನ್‌ರೀಡಿಗೆ ಹೋಗಿ, ಹೆಸರು ತೆಗೆಯುತ್ತೇವೆ, ಕಥೆಯನ್ನೂ ತೆಗೆಯುತ್ತೇವೆ ಎಂದು ಓಟಿಲಿಗೆ ಹೇಳಿದೆ. ಅವಳು ಅಂಗಳದಲ್ಲಿ ಪ್ಲಮ್ ಮರದ ಎಲೆ ಗುಡಿಸುತ್ತಿದ್ದಳು. ಗುಡಿಸುವುದನ್ನು ನಿಲ್ಲಿಸಲಿಲ್ಲ.

“ಬೋರ್ಡಿಂದ ತೆಗೀತೀಯ. ಬಾಯಿಂದ? ನಿಮ್ಮ ಎಗೀಡ್ ಇವತ್ತಿಗೂ ನನ್ನ ನೋಡಿದ್ರೆ, ಏನು ಓಟಿಲಿ, ಬೆಚ್ಚಗಿದೀಯಾ ಅಂತಾನೆ. ತಮಾಷೆಗೆ. ಐವತ್ತು ವರ್ಷದಿಂದ ತಮಾಷೆ.”

“ಕಲ್ಲಿನ ಹತ್ರ ನೀರು ಉಕ್ಕೋ ಆ ಊಟೆ ಈಗ ನಮ್ಮ ಕಡೆ ಇದೆ. ನಿಮಗೆ ಅದು ವಾಪಸ್ ಬರಲ್ಲ ಓಟಿಲಿಯಮ್ಮ. ಸರ್ಕಾರಿ ನಕ್ಷೆ ಬದಲಾಗಲ್ಲ.”

“ಆ ನೀರು ಯಾರಿಗೆ ಬೇಕು? ನನ್ನ ಹತ್ರ ಇರೋದು ಎರಡು ಬೆಕ್ಕು.” ಆಗ ಪೊರಕೆ ನಿಲ್ಲಿಸಿದಳು. “ನಿಂಗೊಂದು ಹೇಳ್ತೀನಿ. ನಂಗೆ ಏಳು ವರ್ಷ ಇದ್ದಾಗ ಎರಡೂ ಊರಿನೋರು ಸೇರಿ ಗಡಿ ಸುತ್ತಕ್ಕೆ ಹೋಗಿದ್ವಿ. ಆಗಿನ ಪದ್ಧತಿ ಗೊತ್ತಲ್ಲ, ಪ್ರತಿ ಕಲ್ಲಿನ ಹತ್ರ ಒಂದೆರಡು ಮಕ್ಕಳನ್ನ ನಿಲ್ಲಿಸಿ ಕಪಾಳಕ್ಕೆ ಬಿಡೋರು, ಜಾಗ ಮರೀಬಾರದು ಅಂತ. ಈ ಕಲ್ಲಿನ ಹತ್ರ ನನ್ನ ಕಪಾಳಕ್ಕೆ ಹೊಡೆದೋನು ಕಾಸ್ಪರ್‌ನ ಅಪ್ಪ. ಜೊತೆಗೆ ಕಾಸ್ಪರ್‌ಗೂ ಹೊಡೆದ. ಅಳು ಬಂತು, ಅಳಬಾರದು ಅಂತ ದೂರ ನೋಡ್ದೆ. ಎರಡು ಗೋಪುರ ಕಾಣ್ತು, ನಿಮ್ಮದು ಈರುಳ್ಳಿ, ನಮ್ಮದು ಸೂಜಿ, ಎರಡೂ ಗುಡ್ಡದ ಸಂದಲ್ಲಿ ಅಕ್ಕಪಕ್ಕ. ಈಗ ಆ ಕಲ್ಲಿನ ಹತ್ರ ಹೋಗಿ ನಿಂತು ನೋಡು.”

ಹೋಗಿ ನಿಂತು ನೋಡಿದೆ. ಒಂದೇ ಗೋಪುರ ಕಂಡಿತು, ನಮ್ಮದು. ಎಶನ್‌ರೀಡಿನ ಸೂಜಿಯನ್ನು ಗುಡ್ಡದ ಭುಜ ಮುಚ್ಚಿತ್ತು.

ಅಲ್ಲಿಂದ ನೇರ ಚಿಕ್ಕಜ್ಜನ ಮನೆಗೆ ಹೋಗಿ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಅವನು ಕನ್ನಡಕ ಹುಡುಕಿ ಸಹಿ ಹಾಕಿದ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಏಳು ಮಂದಿಯೂ ಸೇರಿದೆವು. ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಕೂತಿತ್ತು. ಮೇಯರ್, ಓಟಿಲಿ, ಎರಡೂ ಊರಿನ ಇಪ್ಪತ್ತು ಜನ ಬಂದಿದ್ದರು. ನಿಯಮದ ಪ್ರಕಾರ ಅವರನ್ನು ಮೂವತ್ತು ಹೆಜ್ಜೆ ದೂರ ಕಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದೆವು.

“ತಿರುಗಿ ನೋಡಿದೋರ ಕಣ್ಣಿಗೆ ಮೀನಿನ ಪೊರೆ ಬರುತ್ತೆ,” ಎಂದ ಎಗೀಡ್, ಅವನೂ ಏಳ್ವರಲ್ಲಿ ಒಬ್ಬ. ಯಾರೂ ನಗಲಿಲ್ಲ.

ನಾಲ್ವರು ಕಬ್ಬಿಣದ ಹಾರೆ ಹಾಕಿ ಕಲ್ಲನ್ನು ವಾಲಿಸಿ ಮಲಗಿಸಿದರು. ಕೆಳಗೆ ಅಗೆಯುವ ಕೆಲಸ ಕಿರಿಯರದು, ಅಂದರೆ ನನ್ನದು. ಮೊಣಕಾಲೂರಿ ಮೊದಲು ಸಲಿಕೆಯಿಂದ, ಆಮೇಲೆ ಕೈಯಿಂದ ಅಗೆದೆ. ಜೇಡಿಮಣ್ಣು. ಒಂದು ಮೊಳ ಇಳಿದೆ, ಇನ್ನೂ ಒಂದು ಗೇಣು ಇಳಿದೆ. ಬೇರು, ಎರೆಹುಳು, ಮಣ್ಣು. ಏನೂ ಇರಲಿಲ್ಲ. ಅಷ್ಟು ಆಳದಲ್ಲಿ ಆ ಮಣ್ಣನ್ನು ಯಾರೂ ಎಂದೂ ಕದಡಿರಲಿಲ್ಲ.

ತಲೆ ಎತ್ತಿದೆ. ಐದು ಜೊತೆ ಕಣ್ಣು ಗುಂಡಿ ನೋಡುತ್ತಿದ್ದವು. ಚಿಕ್ಕಜ್ಜನವು ಮಾತ್ರ ನನ್ನನ್ನು ನೋಡುತ್ತಿದ್ದವು.

“ಹೇಳು ಕಾಸ್ಪರ್,” ಎಂದ ಎಗೀಡ್ ಮೆಲ್ಲಗೆ. “ಹೇಳೋನು ನೀನು. ಮೇಯರು ಕಾಯ್ತಿದಾರೆ.”

ತೀರ್ಪು ಹೇಳುವ ಹಕ್ಕು ಮುಖ್ಯಸ್ಥನಿಗೆ ಮಾತ್ರ. ಎಲ್ಲ ಸರಿಯಿದೆ ಎಂದು ಅವನು ಹೇಳಿದ್ದರೆ ಗುಂಡಿ ಮುಚ್ಚುತ್ತಿದ್ದೆವು. ಉಳಿದ ಆರು ಜನ ಏನು ಮಾಡುತ್ತಿದ್ದೆವು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಬಾಯಿ ತೆರೆಯುತ್ತಿದ್ದೆ ಎಂದು ಹೇಳಿಕೊಳ್ಳುವುದು ಸುಲಭ. ನನಗೆ ಅಷ್ಟು ನಂಬಿಕೆಯಿಲ್ಲ.

ಚಿಕ್ಕಜ್ಜ ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಆಮೇಲೆ ಜನರ ಕಡೆ ನಡೆದು, ಬೆನ್ನು ತಿರುಗಿಸಿ ನಿಂತ ಓಟಿಲಿಯ ಹಿಂದೆ ನಿಂತ.

“ಓಟಿಲಿ. ನಮಗಿಬ್ಬರಿಗೂ ಕಪಾಳಕ್ಕೆ ಬಿದ್ದಿದ್ದು ಎಲ್ಲಿ?”

ಅವಳು ತಿರುಗಲಿಲ್ಲ. “ನಿಂಗೆ ಗೊತ್ತು.”

“ಗೊತ್ತು. ನೀನು ತೋರಿಸ್ಬೇಕು.”

ಅವಳು ಕೋಲೂರಿ ಹೊರಟಳು. ಕಲ್ಲನ್ನು ದಾಟಿ, ನಮ್ಮನ್ನು ದಾಟಿ, ನಮ್ಮೂರಿನ ಹುಲ್ಲುಗಾವಲಿನೊಳಗೆ ಹೋದಳು. ನೆಲ ನೋಡಲಿಲ್ಲ, ಗುಡ್ಡದ ಸಂದನ್ನೇ ನೋಡುತ್ತ ನಡೆದಳು. ಹನ್ನೊಂದನೆಯ ಹೆಜ್ಜೆಗೆ ನಿಂತು ಕೋಲನ್ನು ಊರಿ ಪಕ್ಕಕ್ಕೆ ಸರಿದಳು.

ನಾವು ಏಳು ಮಂದಿ ಕೋಲಿನ ಸುತ್ತ ಗೋಡೆಯ ಹಾಗೆ ನಿಂತೆವು. ಈ ಸಲ ಚಿಕ್ಕಜ್ಜ ನನ್ನ ಕೈಯಿಂದ ಸಲಿಕೆ ತೆಗೆದುಕೊಂಡ. ಎಪ್ಪತ್ತೆರಡು ವರ್ಷದವನು ನಡುವೆ ಒಮ್ಮೆಯೂ ನಿಲ್ಲದೆ ಅಗೆದ. ಒಂದು ಮೊಳದ ಕೆಳಗೆ ಸಲಿಕೆ ಟಕ್ಕೆಂದಿತು. ಅವನು ಕೈಯಿಂದ ಮಣ್ಣು ಸರಿಸಿದ. ಇದ್ದವು. ಎಷ್ಟಿರಬೇಕೋ ಅಷ್ಟು, ಹೇಗಿರಬೇಕೋ ಹಾಗೆ.

ಗುಂಡಿಯ ಒಂದು ಮಗ್ಗುಲಲ್ಲಿ ಇನ್ನೊಂದು ಹಳೆಯ ಅಗೆತದ ಗುರುತಿತ್ತು, ಮಣ್ಣಿನ ಬಣ್ಣವೇ ಬೇರೆ. ಅದು ಮುಕ್ಕಾಲು ಮೊಳಕ್ಕೆ ನಿಂತುಹೋಗಿತ್ತು. ಲೊರೆಂಟ್ಸ್ ಹೆಟ್ಸೆಲ್ ಇನ್ನೊಂದು ಗೇಣು ಅಗೆದಿದ್ದರೆ ಸಾಕಿತ್ತು.

ಚಿಕ್ಕಜ್ಜ ಗುರುತುಗಳನ್ನು ಮಣ್ಣಿನಿಂದ ಮುಚ್ಚಿದ. ಮೊಣಕಾಲ ಮೇಲಿಂದ ಏಳಲು ಎಗೀಡ್ ಕೈ ಕೊಟ್ಟ, ಹಿಡಿಯಲಿಲ್ಲ. ತಾನೇ ಎದ್ದು, ಎಲ್ಲರೂ ಇತ್ತ ತಿರುಗಿ ಎಂದು ಕೂಗಿ ಹೇಳಿದ.

“ಕಲ್ಲಿನ ಜಾಗ ಇದು. ಮುಖ್ಯಸ್ಥನಾಗಿ ಹೇಳ್ತಿದೀನಿ, ಬರ್ಕೊಳ್ಳಿ. ಎಪ್ಪತ್ತೊಂದರಲ್ಲಿ ಸರ್ಕಾರದೋರು ಜಮೀನೆಲ್ಲ ಹೊಸದಾಗಿ ಅಳೆಯಕ್ಕೆ ಬರೋ ಮುಂಚೆ ನಮ್ಮಪ್ಪ ಇದನ್ನ ಸರಿಸಿದ. ಊಟೆ ನಮ್ಮ ಕಡೆ ಬರ್ಲಿ ಅಂತ. ನಂಗೆ ಇಪ್ಪತ್ತು. ಹಾರೆ ಹಿಡಿದಿದ್ದು ನಾನು. ಜಾಗ ಇದಲ್ಲ ಅಂತ ನಂಗೆ ಗೊತ್ತಿತ್ತು, ಕಪಾಳ ನೆನಪಿತ್ತು. ಲೊರೆಂಟ್ಸ್ ಅಗೀತಿದ್ದ ಭಾನುವಾರ ನಮ್ಮ ಹಸು ಕರು ಹಾಕ್ತಿತ್ತು, ನಾನು ಪೂಜೆಗೆ ಹೋಗಿರ್ಲಿಲ್ಲ. ಅವನನ್ನ ನೋಡಿದ್ದು ನಾನೇ. ಚರ್ಚಿಗೆ ಓಡಿ ಕೂಗಿದ್ದೂ ನಾನೇ. ಅವನು ಕಲ್ಲು ಮುಟ್ಟಿಲ್ಲ.”

ಮೇಯರ್ ಪೆನ್ನು ಹಿಡಿದುಕೊಂಡೇ ಇದ್ದ, ಬರೆಯಲಿಲ್ಲ.

“ಆಗ ಗುಟ್ಟು ಗೊತ್ತಿರ್ಲಿಲ್ಲ,” ಎಂದು ಚಿಕ್ಕಜ್ಜ ಮುಂದುವರಿಸಿದ. ದನಿ ಸಣ್ಣದಾಗಿತ್ತು. “ಏಳ್ವರಲ್ಲಿ ಸೇರಿದಾಗ ಗೊತ್ತಾಯ್ತು, ಇಲ್ಲಿ ಎಲ್ಲ ಹಾಗೇ ಇರುತ್ತೆ ಅಂತ. ಆದ್ರೆ ಬಾಯಿ ಬಿಡಲ್ಲ ಅಂತ ಆಣೆ ಮಾಡಿದ್ನಲ್ಲ. ಆಣೆ ಇದೆ, ಮಾತಾಡೋ ಹಾಗಿಲ್ಲ ಅಂತ ಅಂದ್ಕೊಂಡೆ.”

“ಯಾವ ವರ್ಷ ಸೇರಿದ್ದು ನೀನು?” ಓಟಿಲಿ ಕೇಳಿದಳು.

“ಎಂಬತ್ಮೂರು.”

“ಅಪ್ಪ ಹೋಗಿದ್ದು ಎಂಬತ್ತೊಂಬತ್ತು.”

ಅವಳು ಅಷ್ಟೇ ಹೇಳಿದಳು. ಆಣೆ ಮಾಡಿದ್ದು ಗುರುತಿನ ಬಗ್ಗೆ, ಕಲ್ಲಿನ ಬಗ್ಗೆಯಲ್ಲ. ಅದು ಏಳು ಮಂದಿಗೂ ಗೊತ್ತು, ಅವನಿಗೂ ಗೊತ್ತಿತ್ತು. ಓಟಿಲಿ ಗುಂಡಿಯ ಪಕ್ಕ ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಅದರ ತುದಿಯ ಮಣ್ಣನ್ನು ಹುಲ್ಲಿಗೆ ಒರೆಸಿ, ಮನೆಯ ದಾರಿ ಹಿಡಿದಳು. ಅವಳು ಹತ್ತಿರ ಬಂದಾಗ ಎಗೀಡ್ ದಾರಿಯಿಂದ ಸರಿದು ನಿಂತ.

ಮೋಜಣಿ ಇಲಾಖೆಯ ಪತ್ರ ಬರಲು ಎರಡು ವಾರ ಹಿಡಿಯಿತು. ಜಮೀನಿನ ಗೆರೆ ನಕ್ಷೆಯಲ್ಲಿ ಇದ್ದಂತೆಯೇ ಇರುತ್ತದೆ, ಅದನ್ನು ಪ್ರಶ್ನಿಸುವ ಅವಧಿ ಎಂದೋ ಮುಗಿದಿದೆ. ಕಲ್ಲನ್ನು ಮಾತ್ರ ಐತಿಹಾಸಿಕ ವಸ್ತುವಾಗಿ ಹಳೆಯ ಜಾಗದಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ. ಚಿಕ್ಕಜ್ಜ ಮುಖ್ಯಸ್ಥನ ಪದವಿಯನ್ನು ಎಗೀಡನಿಗೆ ಬಿಟ್ಟುಕೊಟ್ಟ. ಏಳ್ವರಿಂದ ಹೊರಗೆ ಹೋಗಲು ದಾರಿಯಿಲ್ಲ, ಸಾಯಬೇಕು. ಸೋಯ್ಬರ್ಟ್ ಮೇಡಂ ನನ್ನ ಹೊಸ ಬರಹ ಓದಿ, ಇದು ಬಹಳ ಭಾರವಾಯಿತು, ಮಕ್ಕಳ ಜೊತೆ ಬರುವವರು ಓದುತ್ತಾರಾ ಎಂದು ಕೇಳಿದರು. ಓದದಿದ್ದರೆ ಬೇಡ ಎಂದೆ. ಅದರಲ್ಲಿ ಲೊರೆಂಟ್ಸ್ ಹೆಟ್ಸೆಲ್‌ನ ಹೆಸರಿದೆ. ತೆಗೆಯಲೇ ಎಂದು ಓಟಿಲಿಯನ್ನು ಕೇಳಿದ್ದೆ. ಈಗ ಯಾಕೆ ತೆಗೀತೀಯ, ಈಗ ಇರಲಿ ಎಂದಿದ್ದಳು. ಚಿಕ್ಕಜ್ಜನ ಹೆಸರೂ ಇದೆ, ಅವನ ಅಪ್ಪನದೂ. ಆ ಅಪ್ಪ ನನ್ನ ಮುತ್ತಜ್ಜ.

ನವೆಂಬರಿನ ಕೊನೆಯ ಶನಿವಾರ ಕಲ್ಲನ್ನು ವಾಪಸ್ ತಂದೆವು. ಟ್ರ್ಯಾಕ್ಟರ್ ಬೇಡ ಎಂದು ಚಿಕ್ಕಜ್ಜ ಹಟ ಹಿಡಿದ. ಮರದ ದಿಮ್ಮಿಗಳ ಮೇಲೆ ಉರುಳಿಸಿ, ಹಗ್ಗ ಹಾಕಿ ಎಳೆದೆವು. ಹನ್ನೊಂದು ಹೆಜ್ಜೆಗೆ ಒಂದು ಗಂಟೆ. ಗುಂಡಿಯ ಅಂಚಿಗೆ ಬಂದಾಗ ಅವನು ಕಲ್ಲಿಗೆ ಭುಜ ಕೊಟ್ಟು ನಿಂತು, ಏದುಸಿರು ಬಿಡುತ್ತ, ಓಟಿಲಿಯ ಕಡೆ ನೋಡಿ ಕೇಳಿದ:

“ಎಲ್ಲಿ ಇಡಲಿ? ಹದ್ದು ಯಾವ ಕಡೆಗಿತ್ತು?”

ತಾನು ಏನು ಕೇಳಿದೆ ಎನ್ನುವುದು ಕೇಳಿದ ಮೇಲೆ ಅವನಿಗೇ ಗೊತ್ತಾಯಿತು. ನಮಗೆಲ್ಲರಿಗೂ ಗೊತ್ತಾಯಿತು. ಓಟಿಲಿ ತಡಮಾಡದೆ ಹೇಳಿದಳು:

“ಹದ್ದು ನಮ್ಮ ಕಡೆಗೆ. ಇಡು.”

ಇಟ್ಟೆವು, ಮಣ್ಣು ತುಂಬಿದೆವು, ತುಳಿದೆವು. ಎಗೀಡ್ ನೂಲುಗುಂಡು ಹಿಡಿದು ನೋಡಿ, ನೆಟ್ಟಗಿದೆ ಎಂದ. ಜನ ಹೊರಡಲು ಅನುವಾದಾಗ ಚಿಕ್ಕಜ್ಜ ಟೋಪಿ ಕೈಯಲ್ಲಿ ಹಿಡಿದು ಓಟಿಲಿಯ ಮುಂದೆ ಬಂದು ನಿಂತ. ಮುಖವನ್ನು ಸ್ವಲ್ಪ ಮುಂದೆ ಚಾಚಿದ.

“ಕಲ್ಲು ನೆಟ್ಟ ಮೇಲೆ ಯಾರಿಗಾದ್ರೂ ಹೊಡೀಬೇಕು,” ಎಂದ. “ಹೊಡಿ ಓಟಿಲಿ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಕೋಲನ್ನು ಎಡಗೈಗೆ ಬದಲಿಸಿದಳು. ಹೊಡೆಯುತ್ತಾಳೆ ಎಂದುಕೊಂಡೆ.

“ನಿಂಗೆ ಹೊಡೆದು ಏನು ಪ್ರಯೋಜನ?” ಎಂದಳು. “ನಿಂಗೆ ಅವತ್ತೇ ಬಿದ್ದಿದೆ. ನಿಂಗೆ ಜಾಗ ನೆನಪಿತ್ತು. ನೆನಪಿದ್ದೋನಿಗೆ ಮತ್ತೆ ಹೊಡೀತಾರಾ?”

ಅವನು ಹಾಗೆಯೇ ನಿಂತಿದ್ದ, ಮುಖ ಚಾಚಿಕೊಂಡು. ಅವಳು ಅವನನ್ನು ದಾಟಿ ನನ್ನ ಹತ್ತಿರ ಬಂದಳು.

“ನಿಂಗೆಷ್ಟು ವಯಸ್ಸು?”

“ಇಪ್ಪತ್ತಾರು.”

“ಹತ್ತಿರ ಬಾ.”

ಹೋದೆ. ಅವಳು ಹೊಡೆದಳು. ಮುದುಕಿಯ ಕೈ, ಆದರೆ ಅರವತ್ತು ವರ್ಷ ಹಸು ಕರೆದ ಕೈ. ಕಿವಿ ಗುಂಯ್ ಎಂದಿತು, ಕಣ್ಣಲ್ಲಿ ನೀರು ಬಂತು. ಅಳಬಾರದೆಂದು ದೂರ ನೋಡಿದೆ. ಗುಡ್ಡದ ಸಂದಿನಲ್ಲಿ ಈರುಳ್ಳಿಯೂ ಸೂಜಿಯೂ ಅಕ್ಕಪಕ್ಕ ನಿಂತಿದ್ದವು.